ಇಗರ್ಜಿ ಇಲ್ಲದ ಊರಿನ ತೆರ್ಸ್

2008ರ ಮಾರ್ಚ್ 14, ಶುಕ್ರವಾರ. ದೋಹಾ ನಗರದ ದಕ್ಷಿಣದ ಅಂಚಿನಲ್ಲಿರುವ ಮಸೈಮೀರ್‌ನಲ್ಲಿ 'ಅವರ್ ಲೇಡಿ ಆಫ್ ದಿ ರೋಸರಿ' ಚರ್ಚು ಪ್ರತಿಷ್ಠೆಯಾಯಿತು. ವಿಧಿ ನಡೆಸಿದವರು ಗೋವೆ ಮೂಲದ ಕಾರ್ಡಿನಲ್ ಇವಾನ್ ಡಯಸ್. ಮುಂಬಯಿಯ ಆರ್ಚ್‌ಬಿಷಪ್ಪರಾಗಿದ್ದ ಅವರು ಆಗ ವ್ಯಾಟಿಕನ್‌ನಲ್ಲಿದ್ದರು. ನೆರೆದವರು ಸುಮಾರು 15,000 ಮಂದಿ. ಕಟ್ಟಡದ ಹೊರಗೆ ಶಿಲುಬೆ ಇರಲಿಲ್ಲ, ಗಂಟೆಯೂ ಇರಲಿಲ್ಲ. ಒಳಗೆ ಮಾತ್ರ ಫಿಲಿಪೀನ್ಸಿನವರು, ಕೇರಳದವರು, ಗೋವೆಯವರು, ಮಂಗಳೂರಿನವರು, ಲೆಬನಾನಿನವರು ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು.

ಅಷ್ಟು ಜನ ಅದಕ್ಕಿಂತ ಮೊದಲು ಎಲ್ಲಿ ಪ್ರಾರ್ಥಿಸುತ್ತಿದ್ದರು? ಬಾಡಿಗೆಯ ವಿಲ್ಲಾಗಳಲ್ಲಿ, ಶಾಲೆಯ ಸಭಾಂಗಣಗಳಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ತಮ್ಮ ತಮ್ಮ ಫ್ಲಾಟುಗಳ ಹಾಲ್‌ನಲ್ಲಿ. ಕತಾರಿಗೆ ಬಂದ ಕರ್ನಾಟಕ ಕರಾವಳಿಯ ಕ್ರೈಸ್ತರ ಚರಿತ್ರೆ ಬೇಕೆಂದರೆ ಮಸೈಮೀರ್‌ನ ದೊಡ್ಡ ಕಟ್ಟಡಕ್ಕಿಂತ ಬಿನ್ ಮಹಮೂದ್‌ನಂಥ ಬಡಾವಣೆಗಳ ಮೆಟ್ಟಿಲು ಹತ್ತಬೇಕು.

ಬಿನ್ ಮಹಮೂದ್ ಇರುವುದು ಹಳೆಯ ಪೇಟೆಯ ಮುಶೈರಿಬ್‌ಗೂ ಅಂಗಡಿಗಳ ಸದ್ದಿನ ಅಲ್ ಸದ್ದ್‌ಗೂ ನಡುವೆ, ಸಿ ರಿಂಗ್ ರಸ್ತೆಯ ಒಳಗೆ. ದೋಹಾದ ಈ ರಿಂಗ್ ರಸ್ತೆಗಳ ನಕ್ಷೆ 1972ರಲ್ಲಿ ಬ್ರಿಟನ್ನಿನ ಲೆವೆಲಿನ್ ಡೇವಿಸ್ ಸಂಸ್ಥೆಗೆ ಒಪ್ಪಿಸಿದ ನಗರ ಯೋಜನೆಯಿಂದ ಬಂದದ್ದು. ಸ್ವಾತಂತ್ರ್ಯ ಬಂದು ಆಗ ಒಂದೇ ವರ್ಷ. ತೈಲದ ಹಣ ಕೈಸೇರುತ್ತಿದ್ದಂತೆ ಕತಾರಿ ಕುಟುಂಬಗಳು ಇಕ್ಕಟ್ಟಿನ ಹಳೆಯ ಕೇರಿಗಳನ್ನು ಬಿಟ್ಟು ಹೊರಗಿನ ವಿಶಾಲ ಮನೆಗಳಿಗೆ ಹೋದವು. ಒಳಗಿನ ಬಡಾವಣೆಗಳಲ್ಲಿ ನಾಲ್ಕೈದು ಮಹಡಿಯ ಬಾಡಿಗೆ ಕಟ್ಟಡಗಳು ಎದ್ದವು. 1970ರಲ್ಲಿ 1,11,133 ಇದ್ದ ದೇಶದ ಜನಸಂಖ್ಯೆ 1986ರ ಗಣತಿಯಲ್ಲಿ 3,69,079 ಆಯಿತು. ಹೆಚ್ಚಳದ ಬಹುಪಾಲು ಹೊರದೇಶದವರದು. ಸಂಸಾರ ಕರೆಸಿಕೊಳ್ಳುವಷ್ಟು ಸಂಬಳವಿದ್ದ ಗುಮಾಸ್ತ, ಲೆಕ್ಕಿಗ, ನರ್ಸ್, ಟೆಕ್ನಿಷಿಯನ್ ಇಂಥ ಕಟ್ಟಡಗಳಲ್ಲಿ ನೆಲೆಸಿದರು. 1982ರಲ್ಲಿ ಬಾಗಿಲು ತೆರೆದ ಹಮದ್ ಜನರಲ್ ಆಸ್ಪತ್ರೆ ಅಲ್ಲಿಂದ ದೂರವಲ್ಲ.

ಸಂಬಳದ ಮಾತು ಇಲ್ಲಿ ಮುಖ್ಯ. ಫ್ಯಾಮಿಲಿ ವೀಸಾಕ್ಕೆ ಇಂತಿಷ್ಟು ವೇತನ ಇರಲೇಬೇಕೆಂಬ ನಿಯಮವಿತ್ತು, ಈಗಲೂ ಇದೆ. ಹಾಗಾಗಿ ಊರಿನಿಂದ ಬಂದವರು ಮೊದಲ ದಿನದಿಂದಲೇ ಎರಡು ಪಾಲಾದರು: ಕುಟುಂಬ ಇದ್ದವರು ಮತ್ತು 'ಬ್ಯಾಚುಲರ್'ಗಳು. ಈ ಎರಡನೆಯವರಲ್ಲಿ ಊರಲ್ಲಿ ಹೆಂಡತಿ, ಮೂರು ಮಕ್ಕಳು ಇದ್ದವರೇ ಹೆಚ್ಚು. ಕುಟುಂಬ ಇದ್ದ ಮನೆಯ ಬಾಗಿಲು ಬ್ಯಾಚುಲರ್‌ಗಳಿಗೆ ಶುಕ್ರವಾರದ ಊಟಕ್ಕೂ ಪ್ರಾರ್ಥನೆಗೂ ತೆರೆದಿರುತ್ತಿತ್ತು. ಗಲ್ಫಿನ ಎಷ್ಟೋ ಸ್ನೇಹಗಳ ಹುಟ್ಟು ಅಲ್ಲೇ.

ದಕ್ಷಿಣ ಕನ್ನಡದ ಕ್ರೈಸ್ತರು ಈ ಮರುಭೂಮಿಗೆ ಬಂದದ್ದು ಹೇಗೆ ಎಂಬುದಕ್ಕೆ ಅರ್ಧ ಉತ್ತರ ಮಂಗಳೂರಿನ ಶಾಲೆಗಳಲ್ಲಿದೆ. ಸೇಂಟ್ ಅಲೋಶಿಯಸ್ ಕಾಲೇಜು ಶುರುವಾದದ್ದು 1880ರಲ್ಲಿ. ಅದೇ ವರ್ಷ ಫಾದರ್ ಆಗಸ್ಟಸ್ ಮುಲ್ಲರ್ ಕಂಕನಾಡಿಯಲ್ಲಿ ಔಷಧಿ ಕೊಡಲು ಕೂತರು. ಅದು ಮುಂದೆ ಫಾದರ್ ಮುಲ್ಲರ್ ಆಸ್ಪತ್ರೆಯಾಯಿತು, ಅದರ ಶಾಲೆಯಲ್ಲಿ ನರ್ಸುಗಳು ತಯಾರಾದರು. 1921ರಲ್ಲಿ ಸೇಂಟ್ ಆಗ್ನೆಸ್ ಕಾಲೇಜು ಹೆಣ್ಣುಮಕ್ಕಳಿಗೆ ಪದವಿಯ ದಾರಿ ತೆರೆಯಿತು. ಇಂಗ್ಲಿಷ್ ಬಲ್ಲ, ಟೈಪಿಂಗ್ ಕಲಿತ ಯುವಕರು ಬೊಂಬಾಯಿಯ ಕಚೇರಿಗಳಿಗೆ ಹೋದರು. ಉತ್ತರದ ಉಳಿದರ್ಧ ಆ ಬೊಂಬಾಯಿಯಲ್ಲಿದೆ. ಕೊಲ್ಲಿಯ ತೈಲ ಕಂಪನಿಗಳು ಗುಮಾಸ್ತರನ್ನೂ ಕುಶಲ ಕೆಲಸಗಾರರನ್ನೂ ನೇಮಿಸಿಕೊಂಡದ್ದು ಅಲ್ಲಿಂದ. ಬ್ರಿಟಿಷ್ ಇಂಡಿಯಾ ಕಂಪನಿಯ 'ದ್ವಾರಕಾ'ದಂಥ ಹಡಗುಗಳು ಹೊರಟದ್ದೂ ಅಲ್ಲಿಂದ. ಕತಾರ್ ತೈಲ ರಫ್ತು ಆರಂಭಿಸಿದ್ದು 1949ರಲ್ಲಿ. 1966ರವರೆಗೂ ಅಲ್ಲಿ ಓಡುತ್ತಿದ್ದದ್ದು ರೂಪಾಯಿ; 1959ರಿಂದಾಚೆಗೆ ರಿಸರ್ವ್ ಬ್ಯಾಂಕ್ ಕೊಲ್ಲಿಗೆಂದೇ ಬೇರೆ ಬಣ್ಣದಲ್ಲಿ ಅಚ್ಚುಹಾಕಿದ ನೋಟು.

ಬಂದವರ ಪೆಟ್ಟಿಗೆಯಲ್ಲಿ ಒಂದು ಜಪಸರ ಇತ್ತು. ಅದರ ಜೊತೆಗೆ ಮನೆಯಲ್ಲೇ ಧರ್ಮ ನಡೆಸುವ ಹಳೆಯ ಅಭ್ಯಾಸವೂ ಬಂತು. ಕರಾವಳಿಯ ಕೊಂಕಣಿ ಕೆಥೋಲಿಕರ ಮನೆಗಳಲ್ಲಿ ಸಂಜೆಯ ತೆರ್ಸ್ ತಪ್ಪುವುದಿಲ್ಲ. ದೇವರ ಆಲ್ತಾರಿನ ಮುಂದೆ ಎಲ್ಲರೂ ಮೊಣಕಾಲೂರಿ ಜಪಸರ ಮುಗಿಸಬೇಕು. ಆಮೇಲೆ ಕಿರಿಯರು ಕೈಜೋಡಿಸಿ ಹಿರಿಯರ ಬಳಿ 'ಬೆಸಾಂವ್', ಅಂದರೆ ಆಶೀರ್ವಾದ, ಬೇಡಬೇಕು. ಅಜ್ಜ ಅಜ್ಜಿ, ಅಪ್ಪ ಅಮ್ಮ, ದೊಡ್ಡಣ್ಣ, ಹೀಗೆ ವಯಸ್ಸಿನ ಸರದಿಯಲ್ಲಿ. ಸಿಟ್ಟು ಮಾಡಿಕೊಂಡ ಮಗನೂ ಆ ಹೊತ್ತಿಗೆ ಅಪ್ಪನ ಎದುರು ನಿಲ್ಲಲೇಬೇಕು.

ಈ ಅಭ್ಯಾಸಕ್ಕೆ ಚರಿತ್ರೆಯ ಗಾಯವೊಂದೂ ಅಂಟಿಕೊಂಡಿದೆ. 1784ರಲ್ಲಿ ಟಿಪ್ಪು ಸುಲ್ತಾನ್ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದ. ಬದುಕುಳಿದವರು ಊರಿಗೆ ಮರಳಿದ್ದು 1799ರ ನಂತರ. ಹದಿನೈದು ವರ್ಷ ಇಗರ್ಜಿಯ, ಅಂದರೆ ಚರ್ಚಿನ, ಆಸರೆ ಇಲ್ಲದೆ ಉಳಿದ ನಂಬಿಕೆ ಅದು. ಆ ಸೆರೆಯನ್ನೂ ಸಂಬಳಕ್ಕೆ ಬಂದ ಗಲ್ಫ್ ವಾಸವನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು. ಆದರೂ ಇಗರ್ಜಿ ಇಲ್ಲದಿದ್ದರೆ ಏನು ಮಾಡಬೇಕೆಂದು ಈ ಸಮುದಾಯಕ್ಕೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿರಲಿಲ್ಲ.

ಪ್ರಾಟೆಸ್ಟೆಂಟರ ಕಥೆ ಸ್ವಲ್ಪ ಬೇರೆ. 1834ರಲ್ಲಿ ಬಾಸೆಲ್ ಮಿಷನ್ನಿನ ಹೆಬಿಕ್, ಲೆಹ್ನರ್, ಗ್ರೈನರ್ ಮಂಗಳೂರಿಗೆ ಬಂದಿಳಿದ ಮೇಲೆ ಬೆಳೆದ ಸಭೆಗಳಲ್ಲಿ ಪ್ರಾರ್ಥನೆಯ ಭಾಷೆ ಕನ್ನಡ ಮತ್ತು ತುಳು. 1843ರಲ್ಲಿ 'ಮಂಗಳೂರ ಸಮಾಚಾರ' ತಂದ ಮೋಗ್ಲಿಂಗ್, 1894ರಲ್ಲಿ ನಿಘಂಟು ಕೊಟ್ಟ ಕಿಟ್ಟೆಲ್ ಈ ಮಿಷನ್ನಿನವರೇ. ಅವರ ಪರಂಪರೆಯ ಕುಟುಂಬಗಳು ಕೊಲ್ಲಿಗೆ ಒಯ್ದದ್ದು ಕನ್ನಡ ಬೈಬಲ್ಲು ಮತ್ತು ಗೀತೆಗಳ ಪುಸ್ತಕ. ಮನೆ ಪ್ರಾರ್ಥನೆಯಲ್ಲಿ ಒಬ್ಬರು ಓದುವುದು, ಎಲ್ಲರೂ ಹಾಡುವುದು, ಕೊನೆಗೆ ಚಹಾ.

ದೋಹಾದಲ್ಲಿ ಮೊದಲು ಬದಲಾದದ್ದು ವಾರ. ಭಾನುವಾರ ಕೆಲಸದ ದಿನವಾದ್ದರಿಂದ ಭಾನುವಾರದ ಬಲಿಪೂಜೆ ಶುಕ್ರವಾರಕ್ಕೆ ಬಂತು. ಎರಡನೇ ವ್ಯಾಟಿಕನ್ ಮಹಾಸಭೆ (1962-65) ಲ್ಯಾಟಿನ್ ಜೊತೆಗೆ ಜನರ ಭಾಷೆಗಳಿಗೂ ಪೂಜೆಯಲ್ಲಿ ಜಾಗ ಕೊಟ್ಟಿತ್ತು. ಮಂಗಳೂರಿನಲ್ಲಿ ಕೊಂಕಣಿ ಪೂಜೆಗೆ ಒಗ್ಗಿದವರು ಇಲ್ಲಿ ಮತ್ತೆ ಇಂಗ್ಲಿಷಿಗೆ ಒಗ್ಗಬೇಕಾಯಿತು. ಕೊಂಕಣಿ ಉಳಿದದ್ದು ಮನೆಯ ತೆರ್ಸ್‌ನಲ್ಲಿ. ಊರಿನ ಇಗರ್ಜಿಯ ವಾಡೆಗಳಲ್ಲಿ 'ಗುರ್ಕಾರ್' ಎಂಬ ಹಿರಿಯ ಇರುತ್ತಾರೆ. ಯಾರ ಮನೆಯಲ್ಲಿ ಪ್ರಾರ್ಥನೆ, ಯಾರಿಗೆ ಕಾಯಿಲೆ, ಯಾರ ಮಗಳಿಗೆ ಸಂಬಂಧ ಬಂದಿದೆ, ಎಲ್ಲ ಅವರ ಗಮನದಲ್ಲಿ. ಗಲ್ಫಿನ ಫ್ಲಾಟುಗಳಲ್ಲಿ ಈ ಕೆಲಸ ಯಾರಾದರೂ ಹಳಬರ ಪಾಲಿಗೆ, ಹೆಚ್ಚಾಗಿ ಕಾರಿದ್ದವರ ಪಾಲಿಗೆ ಬರುತ್ತಿತ್ತು. ಆಸ್ಪತ್ರೆಯ ಶಿಫ್ಟು ನೋಡಿ ಪ್ರಾರ್ಥನೆಯ ಹೊತ್ತು ಗೊತ್ತುಮಾಡುವುದು, ಹೊಸದಾಗಿ ಬಂದ ಸಂಸಾರಕ್ಕೆ ಗ್ಯಾಸ್ ಸಿಲಿಂಡರ್ ಕೊಡಿಸುವುದು, ಮಗುವಿಗೆ ಶಾಲೆಯ ಸೀಟು ವಿಚಾರಿಸುವುದು. ಭಾರತೀಯ ಶಾಲೆ ಎಂದರೆ ಮೊದಲು 1974ರ ಎಂಇಎಸ್, ಆಮೇಲೆ 1985ರ ಐಡಿಯಲ್. ಸೀಟಿಗೆ ಪೈಪೋಟಿ ಇದ್ದೇ ಇತ್ತು.

ಅಡುಗೆಮನೆಗೂ ತನ್ನದೇ ಚರಿತ್ರೆ ಉಂಟು. ಮಂಗಳೂರಿನ ಹಬ್ಬದೂಟ ಎಂದರೆ ಸಾನ್ನಾಂ ಮತ್ತು ಹಂದಿಮಾಂಸದ ಬಾಫಾತ್. ಸಾನ್ನಾಂ ಉಬ್ಬಲು ಕಳ್ಳು ಬೇಕು. ದೋಹಾದಲ್ಲಿ ಅದರ ಜಾಗಕ್ಕೆ ಈಸ್ಟ್ ಬಂತು. ಬಾಫಾತ್ ಪುಡಿ ಊರಿನಿಂದ ಬಂತು, ಮಾಂಸ ಮಾತ್ರ ಕುರಿ ಅಥವಾ ಕೋಳಿಯದಾಯಿತು. ಪರವಾನಗಿ ಇದ್ದವರಿಗೆ ಕತಾರ್ ಡಿಸ್ಟ್ರಿಬ್ಯೂಷನ್ ಕಂಪನಿ ಹಂದಿಮಾಂಸ ಮಾರಲು ಶುರುಮಾಡಿದ್ದು 2011ರ ಕೊನೆಗೆ. ಅಷ್ಟರಲ್ಲಿ ಒಂದು ತಲೆಮಾರು ಕೋಳಿ ಬಾಫಾತನ್ನೇ ಕ್ರಿಸ್‌ಮಸ್ ರುಚಿ ಎಂದು ತಿಳಿದು ಬೆಳೆದಿತ್ತು.

ಕ್ರಿಸ್‌ಮಸ್ಸಿನ ತಿಂಡಿಗಳಾದ ಕುಸ್ವಾರ್‌ಗೆ ಇಂಥ ತೊಡಕಿಲ್ಲ. ನೆವ್ರ್ಯೊ, ಕಿಡಿಯೊ, ಗುಳಿಯೊ, ತುಕ್ಡಿ, ಚಕ್ಲಿ, ರೋಸ್ ಕುಕಿ ಎಲ್ಲಕ್ಕೂ ಬೇಕಾದ ಮೈದಾ, ತೆಂಗು, ಬೆಲ್ಲ, ಎಳ್ಳು ಅಲ್ಲಿನ ಅಂಗಡಿಗಳಲ್ಲೇ ಸಿಗುತ್ತದೆ. ಬೇಕಾದದ್ದು ಕೈಗಳು. ಕಿಡಿಯೊ ಹಿಟ್ಟನ್ನು ಬಾಚಣಿಗೆಯ ಅಥವಾ ಫೋರ್ಕಿನ ಬೆನ್ನಿಗೆ ಒತ್ತಿ ಸುರುಳಿ ತೆಗೆಯಲು ಒಬ್ಬಳಿಂದ ಆಗದು. ಡಿಸೆಂಬರಿನ ರಾತ್ರಿಗಳಲ್ಲಿ ಎರಡು ಮೂರು ಮನೆಯ ಹೆಂಗಸರು ಒಂದೇ ಅಡುಗೆಮನೆಯಲ್ಲಿ ಸೇರುತ್ತಾರೆ. ತಟ್ಟೆಗಳು ಪಕ್ಕದ ಫ್ಲಾಟಿನ ಮಲಯಾಳಿ ಮನೆಗೂ ಮೇಲ್ಮಹಡಿಯ ಮುಸ್ಲಿಂ ಮನೆಗೂ ಹೋಗುತ್ತವೆ; ಈದ್ ಬಂದಾಗ ಬಿರಿಯಾನಿ ತುಂಬಿಕೊಂಡು ಮರಳುತ್ತವೆ. ಅದೇ ಕಟ್ಟಡದವರು ನವೆಂಬರಿನಲ್ಲಿ ಕರ್ನಾಟಕ ಸಂಘದ ರಾಜ್ಯೋತ್ಸವದಲ್ಲಿ ಒಟ್ಟಿಗೆ ಕೂತಿರುತ್ತಾರೆ.

ವರ್ಷದ ಎಲ್ಲ ಹಬ್ಬಗಳಲ್ಲಿ ಮೊಂತಿ ಫೆಸ್ತ್ ಮನೆಯದೇ ಹಬ್ಬ. ಸೆಪ್ಟೆಂಬರ್ 8, ಕನ್ಯಾ ಮರಿಯಮ್ಮನ ಜನ್ಮದಿನ. ಮಂಗಳೂರಿನ ಕಡೆ ಇದರ ಆರಂಭವನ್ನು ಫರಂಗಿಪೇಟೆಯ ಮೊಂತಿ ಮರಿಯಾನೊ ಇಗರ್ಜಿಗೂ 1763ರ ಸುಮಾರಿಗೆ ಅಲ್ಲಿದ್ದ ಪಾದ್ರಿ ಜೋಕಿಂ ಮಿರಾಂದರಿಗೂ ಜೋಡಿಸುತ್ತಾರೆ. ಮಕ್ಕಳು ಮೊಂತಿ ಮಾತೆಗೆ ಹೂ ಎರಚುತ್ತಾರೆ, ಇಗರ್ಜಿಯಲ್ಲಿ ಹೊಸ ತೆನೆ ಆಶೀರ್ವಾದವಾಗುತ್ತದೆ, ಮನೆಯ ಹಿರಿಯರು ಹೊಸ ಭತ್ತದ ಕಾಳನ್ನು ಹಾಲಿನಲ್ಲೋ ತೆಂಗಿನ ಹಾಲಿನ ಪಾಯಸದಲ್ಲೋ ಬೆರೆಸಿ ಹಂಚುತ್ತಾರೆ. ಆ ದಿನ ಊಟ ಪೂರ್ತಿ ಸಸ್ಯಾಹಾರ. ಪಲ್ಯಗಳ ಲೆಕ್ಕ ಬೆಸಸಂಖ್ಯೆಯಲ್ಲಿ, ಮೂರು, ಐದು, ಏಳು, ಒಂಬತ್ತು.

ಇಡೀ ಕುಟುಂಬ ಕೂಡಿ ಉಣ್ಣಬೇಕಾದ ಹಬ್ಬದಲ್ಲಿ ಮನೆಮಂದಿ ಮೂರು ದೇಶಕ್ಕೆ ಚದುರಿದ್ದರೆ ಏನು ಮಾಡುವುದು? ಊರಿನ ಅಮ್ಮಂದಿರು ದಾರಿ ಕಂಡುಕೊಂಡರು. ಆಶೀರ್ವದಿಸಿದ ತೆನೆಯಿಂದ ನಾಲ್ಕು ಕಾಳು ಬಿಡಿಸಿ ಪತ್ರದೊಳಗೆ ಮಡಚಿ ಕಳಿಸಿದರು. ಕತಾರಿನಲ್ಲಿ ಮನೆ ಬಾಗಿಲಿಗೆ ಅಂಚೆ ಬರುತ್ತಿರಲಿಲ್ಲ. ಪತ್ರಗಳು ಕಂಪನಿಯ ಪೋಸ್ಟ್ ಬಾಕ್ಸಿಗೆ ಬಂದು ಅಲ್ಲಿಂದ ಕೈಗೆ ಸಿಗಬೇಕು. ಕಾಳು ತಲುಪುವಾಗ ಹಬ್ಬ ಕಳೆದಿದ್ದರೂ ಅದನ್ನು ಪುಡಿಮಾಡಿ ಹಾಲಿಗೆ ಹಾಕಿ, ಪಕ್ಕದ ರೂಮಿನ ಬ್ಯಾಚುಲರ್‌ಗಳನ್ನೂ ಕರೆದು ಕುಡಿಯುತ್ತಿದ್ದರು. ಕುಟುಂಬದವರಿಗೆ ಮಾತ್ರ ಸಲ್ಲುವ 'ನೊವೆಂ', ಅಂದರೆ ಈ ಹೊಸ ಭತ್ತದ ಪ್ರಸಾದ, ಹೀಗೆ ಗೆಳೆಯರಿಗೂ ಸಂದಿತು.

ಪತ್ರದ ಜೊತೆ ಪತ್ರಿಕೆಯೂ ಬರುತ್ತಿತ್ತು. ಮಂಗಳೂರಿನಲ್ಲಿ ಕೊಂಕಣಿಯ ಮೊದಲ ಪತ್ರಿಕೆ 'ಕೊಂಕ್ಣಿ ದಿರ್ವೆಂ' 1912ರಲ್ಲಿ ಹೊರಟಿತು; 1938ರಲ್ಲಿ ಬಂದ ವಾರಪತ್ರಿಕೆ 'ರಾಕ್ಣೊ' ಇಂದಿಗೂ ಇದೆ. ಎರಡರ ಲಿಪಿಯೂ ಕನ್ನಡ. ಗಲ್ಫಿನಲ್ಲಿ ಒಂದು ಪ್ರತಿ ಹಲವು ಕೈ ದಾಟುತ್ತಿತ್ತು. ದೂರವಾಣಿ ದುಬಾರಿಯಾಗಿದ್ದ ಕಾಲದಲ್ಲಿ ಮಾತು ತುಂಬಿದ ಕ್ಯಾಸೆಟ್ಟುಗಳು ಊರಿಗೆ ಹೋಗಿ ಬರುವವರ ಚೀಲದಲ್ಲಿ ಪ್ರಯಾಣ ಮಾಡಿದವು. ಅವುಗಳ ಪಕ್ಕದಲ್ಲೇ 'ಕೊಂಕಣ್ ಕೋಗುಳ್' ವಿಲ್ಫಿ ರೆಬಿಂಬಸ್ (1942-2010) ಹಾಡುಗಳ ಕ್ಯಾಸೆಟ್ಟುಗಳೂ ಇದ್ದವು.

2008ರಲ್ಲಿ ಚರ್ಚು ತೆರೆದಾಗ ಪತ್ರಿಕೆಗಳು ಇದನ್ನು ಹದಿನಾಲ್ಕು ಶತಮಾನಗಳಲ್ಲಿ ಕತಾರಿನ ಮೊದಲ ಚರ್ಚು ಎಂದು ಬರೆದವು. ಅಂದರೆ ಅದಕ್ಕೂ ಹಿಂದೆ ಇಲ್ಲಿ ಕ್ರೈಸ್ತರಿದ್ದರು. ಏಳನೇ ಶತಮಾನದಲ್ಲಿ ಈ ಸೀಮೆಗೆ ಸಿರಿಯಾಕ್ ಕ್ರೈಸ್ತರು 'ಬೇತ್ ಕತ್ರಾಯೆ' ಎನ್ನುತ್ತಿದ್ದರು. ಧ್ಯಾನದ ಬರಹಗಳಿಂದ ಇಂದಿಗೂ ಹೆಸರಾದ ನಿನೆವೆಯ ಐಸಾಕ್ ಹುಟ್ಟಿದ್ದು ಅಲ್ಲಿ. ಇಂದಿನ ಸೌದಿಯ ತಾರೂತ್ ದ್ವೀಪದ ದಾರಿನ್‌ನಲ್ಲಿ 676ರಲ್ಲಿ ಅವರ ಮುಖ್ಯಗುರುವಾದ ಕೆಥೋಲಿಕೋಸ್ ಗಿವರ್ಗಿಸ್ ಈ ಭಾಗದ ಬಿಷಪ್ಪರ ಸಭೆ ಕರೆದಿದ್ದ. ಸಭೆ ತಲೆಕೆಡಿಸಿಕೊಂಡ ಸಂಗತಿಗಳು ಮನೆಯೊಳಗಿನವೇ: ಮದುವೆಗೆ ಹೆತ್ತವರ ಒಪ್ಪಿಗೆ ಮತ್ತು ಪಾದ್ರಿಯ ಆಶೀರ್ವಾದ ಬೇಕು, ಹೆಣ್ಣುಮಕ್ಕಳು ಅನ್ಯಧರ್ಮೀಯರನ್ನು ಮದುವೆಯಾಗಬಾರದು, ಹಬ್ಬದ ಪೂಜೆ ಮುಗಿಸಿ ನೇರ ಹೆಂಡದಂಗಡಿಗೆ ಹೋಗಬಾರದು. ಕೊನೆಯ ನಿಯಮವನ್ನು ಬಜ್ಪೆಯ ಅಥವಾ ಮೂಡಬಿದಿರೆಯ ಯಾವ ಗುರ್ಕಾರ್‌ ಆದರೂ ಒಪ್ಪಿಯಾರು.

ಹೊಸ ಚರ್ಚಿಗೆ ಜಾಗ ಕೊಟ್ಟವರು ಅಮೀರ್ ಶೇಖ್ ಹಮದ್ ಬಿನ್ ಖಲೀಫಾ. ಕತಾರ್ ಮತ್ತು ವ್ಯಾಟಿಕನ್ ರಾಯಭಾರ ಸಂಬಂಧ ಬೆಳೆಸಿದ್ದು 2002ರಲ್ಲಿ. ಮಸೈಮೀರ್‌ನ ಅದೇ ಆವರಣದಲ್ಲಿ ಭಾರತೀಯ ಸಭೆಗಳಿಗೂ ಆಂಗ್ಲಿಕನ್ನರಿಗೂ ಕಟ್ಟಡಗಳು ಬಂದವು. ಮಕ್ಕಳ ಧರ್ಮೋಪದೇಶ, ಪ್ರಥಮ ಪರಮಪ್ರಸಾದ, ಕೊಂಕಣಿ ಪೂಜೆ ಒಂದು ಸೂರಿನಡಿ ಸೇರಿದವು. ಗೇಟಿನಲ್ಲಿ ಚೀಲ ತಪಾಸಣೆ, ಪಾರ್ಕಿಂಗಿಗೆ ಪರದಾಟ, ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಊರಿನವರ ಹುಡುಕಾಟ, ಇವು ಶುಕ್ರವಾರದ ಹೊಸ ರೂಢಿಗಳಾದವು.

ಹಾಗೆಂದು ಮನೆಯ ಪ್ರಾರ್ಥನೆ ನಿಲ್ಲಲಿಲ್ಲ. 2020ರ ಮಾರ್ಚಿನಲ್ಲಿ ಕೊರೊನಾಕ್ಕೆ ಚರ್ಚಿನ ಬಾಗಿಲು ಮುಚ್ಚಿದಾಗ ಬಿನ್ ಮಹಮೂದ್‌ನಂಥ ಬಡಾವಣೆಗಳ ಕುಟುಂಬಗಳು ಮತ್ತೆ ಹಾಲ್‌ನ ಆಲ್ತಾರಿನ ಮುಂದೆ ಕೂತವು. ಪೂಜೆ ಪರದೆಯ ಮೇಲೆ, ತೆರ್ಸ್ ಬಾಯಲ್ಲಿ. ದೋಹಾದಲ್ಲೇ ಹುಟ್ಟಿ ಸಿಬಿಎಸ್‌ಇ ಓದಿದ ಮಕ್ಕಳಲ್ಲಿ ಹಲವರಿಗೆ ಕೊಂಕಣಿ ಮಾತು ಬರುತ್ತದೆ, ಕನ್ನಡ ಲಿಪಿ ಬರುವುದಿಲ್ಲ. ಅಮ್ಮಂದಿರು ಪ್ರಾರ್ಥನೆಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪು ಮಾಡಿ ಮೊಬೈಲಿಗೆ ಕಳಿಸುತ್ತಾರೆ.

2019ರ ನವೆಂಬರಿನಿಂದ ಮೆಟ್ರೊದ ಗೋಲ್ಡ್ ಲೈನಿನಲ್ಲಿ ಬಿನ್ ಮಹಮೂದ್ ಹೆಸರಿನದೇ ನಿಲ್ದಾಣವಿದೆ. ಆ ರೈಲು ಪಶ್ಚಿಮಕ್ಕೆ ಅಲ್ ಅಜೀಜಿಯಾದ ಕಡೆ ಹೋಗುತ್ತದೆ, ಮಸೈಮೀರ್ ಇರುವುದು ದಕ್ಷಿಣಕ್ಕೆ. ಹಾಗಾಗಿ ಶುಕ್ರವಾರ ಬೆಳಿಗ್ಗೆ ಕಾರಿದ್ದವರು ಇಲ್ಲದವರಿಗೆ ಫೋನು ಮಾಡಿ ಹೊರಡುವ ಹೊತ್ತು ಹೇಳುವುದು ಈಗಲೂ ನಡೆದಿದೆ.