ಆಕ್ಚುರಿಯಲ್ ವಿಜ್ಞಾನ

ಸಾವು, ಕಾಯಿಲೆ, ಅಪಘಾತ, ದೀರ್ಘಾಯುಷ್ಯ ಮೊದಲಾದವುಗಳಿಂದ ಒದಗುವ ಹಣಕಾಸಿನ ಹೊಣೆಯನ್ನು ಸಂಭವನೀಯತೆ, ಸಂಖ್ಯಾಶಾಸ್ತ್ರ ಹಾಗೂ ಬಡ್ಡಿ ಲೆಕ್ಕಾಚಾರದ ನೆರವಿನಿಂದ ಅಳೆಯುವ ಶಾಸ್ತ್ರ. ಇದರ ತಜ್ಞರಿಗೆ ಆಕ್ಚುಯರಿ ಎಂದು ಹೆಸರು.

ಇತಿಹಾಸ: 1662ರಲ್ಲಿ ಜಾನ್ ಗ್ರಾಂಟ್ ಲಂಡನ್ನಿನ ಮರಣ ಪಟ್ಟಿಗಳನ್ನು ವಿಶ್ಲೇಷಿಸಿದ. ಖಗೋಳಜ್ಞ ಎಡ್ಮಂಡ್ ಹ್ಯಾಲಿ 1693ರಲ್ಲಿ ಬ್ರೆಸ್ಲಾವ್ ನಗರದ ಜನನ-ಮರಣ ದಾಖಲೆಗಳಿಂದ ಆಯುಷ್ಯ ಕೋಷ್ಟಕ ರಚಿಸಿ, ವರ್ಷಾಶನದ ಬೆಲೆ ಕಟ್ಟುವ ಬಗೆಯನ್ನು ತೋರಿಸಿದ. 1762ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಇಕ್ವಿಟಬಲ್ ಸಂಸ್ಥೆ ವಯಸ್ಸಿಗೆ ತಕ್ಕ ಸಮಾನ ಕಂತಿನ ಜೀವವಿಮೆಯನ್ನು ಜಾರಿಗೆ ತಂದಿತು.

ವಿಧಾನ: ಒಂದೇ ವಯಸ್ಸಿನ 1,000 ಮಂದಿಯಲ್ಲಿ ವರ್ಷಕ್ಕೆ ಇಬ್ಬರು ಸಾಯುವ ನಿರೀಕ್ಷೆಯಿದ್ದು, ತಲಾ 10 ಲಕ್ಷ ರೂ. ಪರಿಹಾರ ಕೊಡಬೇಕಾದರೆ, ಪ್ರತಿಯೊಬ್ಬರ ಪಾಲು 2,000 ರೂ. ದೀರ್ಘಾವಧಿ ಪಾಲಿಸಿಗಳಲ್ಲಿ ಮುಂದಿನ ಪಾವತಿಗಳನ್ನು ಬಡ್ಡಿ ದರದ ಆಧಾರದಲ್ಲಿ ಇಂದಿನ ಮೌಲ್ಯಕ್ಕೆ ಇಳಿಸಿ, ನಿರ್ವಹಣಾ ವೆಚ್ಚವನ್ನು ಸೇರಿಸಲಾಗುತ್ತದೆ.

ವ್ಯಾಸಂಗ: ಪದವಿ ತರಗತಿಗಳಲ್ಲಿ ಗಣಿತ, ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರಗಳ ಜೊತೆಗೆ ಲೆಕ್ಕಶಾಸ್ತ್ರ ಮತ್ತು ದತ್ತಾಂಶ ವಿಶ್ಲೇಷಣೆಯನ್ನೂ ಕಲಿಸುತ್ತಾರೆ. ವಿಮಾ ಕಂಪನಿಯ ಆಸ್ತಿ-ಹೊಣೆ ಪಟ್ಟಿಯನ್ನು ಓದಲು ಲೆಕ್ಕಶಾಸ್ತ್ರ, ಕ್ಲೇಮುಗಳ ಪ್ರವೃತ್ತಿಯನ್ನು ಗುರುತಿಸಲು ದತ್ತಾಂಶ ವಿಶ್ಲೇಷಣೆ ಅಗತ್ಯ. ಆದರೆ ಪದವಿಯೊಂದರಿಂದಲೇ ಯಾರೂ ಆಕ್ಚುಯರಿ ಆಗುವುದಿಲ್ಲ. ವೃತ್ತಿಸಂಸ್ಥೆಯ ಪರೀಕ್ಷೆಗಳನ್ನು ಹಂತಹಂತವಾಗಿ ಮುಗಿಸಬೇಕು.

ಭಾರತದಲ್ಲಿ: 1944ರಲ್ಲಿ ಆಕ್ಚುರಿಯಲ್ ಸೊಸೈಟಿ ಆಫ್ ಇಂಡಿಯಾ ಸ್ಥಾಪನೆಯಾಯಿತು. 2006ರ ಆಕ್ಚುಯರಿಗಳ ಕಾಯಿದೆಯಿಂದ ಅದರ ಸ್ಥಾನದಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಆಕ್ಚುಯರೀಸ್ ಆಫ್ ಇಂಡಿಯಾ ಶಾಸನಬದ್ಧ ಸಂಸ್ಥೆಯಾಗಿ ರೂಪುಗೊಂಡಿತು. ಮುಂಬಯಿ ಮೂಲದ ಈ ಸಂಸ್ಥೆ ಪರೀಕ್ಷೆಗಳನ್ನು ನಡೆಸಿ ಅಸೋಸಿಯೇಟ್, ಫೆಲೊ ಸದಸ್ಯತ್ವಗಳನ್ನು ನೀಡುತ್ತದೆ.