ಮಹಾನಾಯಕ (ಕಿರುತೆರೆ ಧಾರಾವಾಹಿ): ಕನ್ನಡದಲ್ಲಿ ವಿಮರ್ಶೆ ಮತ್ತು ಸ್ವೀಕಾರ

ಮಹಾನಾಯಕ, ಡಾ. ಬಿ.ಆರ್. ಅಂಬೇಡ್ಕರ್ ಅವರ ಬದುಕನ್ನು ಆಧರಿಸಿದ ಧಾರಾವಾಹಿ. ಹಿಂದಿಯಿಂದ ಡಬ್ ಆಗಿ 2020ರ ಜುಲೈಯಿಂದ ಜೀ ಕನ್ನಡ ವಾಹಿನಿಯಲ್ಲಿ ವಾರಾಂತ್ಯಗಳಂದು ಪ್ರಸಾರವಾಯಿತು. ಹಿಂದಿಯ ಮೂಲವಾದ ‘ಏಕ್ ಮಹಾನಾಯಕ್: ಡಾ. ಬಿ.ಆರ್. ಅಂಬೇಡ್ಕರ್’ 2019ರ ಡಿಸೆಂಬರ್ 17ರಂದು ಆ್ಯಂಡ್ ಟಿವಿಯಲ್ಲಿ ಶುರುವಾಗಿತ್ತು. ಸ್ಮೃತಿ ಶಿಂದೆ ಅವರ ಸೋಬೋ ಫಿಲ್ಮ್ಸ್ ಇದನ್ನು ನಿರ್ಮಿಸಿತು. ಬಾಲಕ ಭೀಮನಾಗಿ ಆಯುಧ್ ಭಾನುಶಾಲಿ, ತಂದೆ ರಾಮ್‌ಜಿ ಸಕ್ಪಾಲರಾಗಿ ಜಗನ್ನಾಥ್ ನಿವಂಗುಣೆ, ತಾಯಿ ಭೀಮಾಬಾಯಿಯಾಗಿ ನೇಹಾ ಜೋಶಿ ನಟಿಸಿದರು. ಮುಂದಿನ ಭಾಗಗಳಲ್ಲಿ ತರುಣ ಅಂಬೇಡ್ಕರರ ಪಾತ್ರವನ್ನು ಅಥರ್ವ ಕರ್ವೆ ವಹಿಸಿಕೊಂಡರು.

ಚರಿತ್ರೆಯ ಧಾರಾವಾಹಿ ಎಂದು ಕರೆಯಲ್ಪಟ್ಟರೂ ಇದರ ಹಂದರ ಕುಟುಂಬದ ಕಥೆಯದು. ಅಪ್ಪ, ಅಮ್ಮ, ಅತ್ತೆ, ಅಣ್ಣಂದಿರು, ಒಲೆಯ ಮುಂದಿನ ಮಾತು, ಶಾಲೆಯಿಂದ ಅಳುತ್ತ ಬಂದ ಮಗು, ಅದಕ್ಕೆ ಏನು ಉತ್ತರ ಹೇಳಬೇಕೆಂದು ತಿಳಿಯದ ಹಿರಿಯರು. ‘ನಾವು ಯಾರು, ನಮ್ಮನ್ನು ಯಾಕೆ ಮುಟ್ಟುವುದಿಲ್ಲ’ ಎಂಬ ಪ್ರಶ್ನೆ ಇಲ್ಲಿ ವೇದಿಕೆಯ ಭಾಷಣದಲ್ಲಿ ಬರುವುದಿಲ್ಲ, ಮನೆಯೊಳಗೆ ಹುಟ್ಟುತ್ತದೆ. ಕನ್ನಡದ ಸ್ವೀಕಾರವನ್ನು ಅರ್ಥಮಾಡಿಕೊಳ್ಳಲು ಈ ಅಂಶ ಮುಖ್ಯ.

ಕಿರುತೆರೆಯ ಹಿನ್ನೆಲೆ

ಕನ್ನಡದ ಕೌಟುಂಬಿಕ ಹಾಸ್ಯ ಧಾರಾವಾಹಿಗಳಿಗೆ ದೊಡ್ಡ ಪ್ರೇಕ್ಷಕವರ್ಗವಿತ್ತು. ಈಟಿವಿ ಕನ್ನಡದ ‘ಪಾಪ ಪಾಂಡು’ ಮತ್ತು ‘ಸಿಲ್ಲಿ ಲಲ್ಲಿ’ ಮನೆಮಾತಾಗಿದ್ದವು. ಗಂಡ ಹೆಂಡಿರ ಜಗಳ, ಮಾವನ ಕಾಟ, ಡಾಕ್ಟರರ ಮನೆಯ ಗೊಂದಲ ಎಲ್ಲವೂ ಅಲ್ಲಿದ್ದವು. ಜಾತಿ ಮಾತ್ರ ಕಥೆಯ ವಸ್ತುವಾಗಿ ಬಂದದ್ದು ತೀರಾ ಕಡಿಮೆ. ಅಡುಗೆಮನೆ, ದೇವರಮನೆ, ಮದುವೆಯ ಮಾತುಕತೆಗಳಲ್ಲಿ ಅದು ಹೆಸರಿಲ್ಲದೆ ಸುಳಿದಾಡುತ್ತಿತ್ತು.

ಅಂಬೇಡ್ಕರರ ಬಾಲ್ಯ ಕನ್ನಡ ತೆರೆಗೆ ಹೊಸದಾಗಿರಲಿಲ್ಲ. ಬಸವರಾಜ ಕೆಸ್ತೂರು ನಿರ್ದೇಶನದ ‘ಬಾಲಕ ಅಂಬೇಡ್ಕರ್’ 1991ರಲ್ಲಿಯೂ ಶರಣಕುಮಾರ ಕಬ್ಬೂರು ನಿರ್ದೇಶನದ ‘ಡಾ. ಬಿ.ಆರ್. ಅಂಬೇಡ್ಕರ್’ 2005ರಲ್ಲಿಯೂ ಬಂದಿದ್ದವು. ಜಬ್ಬಾರ್ ಪಟೇಲರ ಇಂಗ್ಲಿಷ್ ಚಿತ್ರದಲ್ಲಿ ಅಂಬೇಡ್ಕರರಾಗಿ ನಟಿಸಿದ ಮಮ್ಮೂಟ್ಟಿ ರಾಷ್ಟ್ರಪ್ರಶಸ್ತಿ ಪಡೆದರು. ಆದರೆ ಈ ಚಿತ್ರಗಳನ್ನು ನೋಡಬೇಕೆನ್ನುವವರು ಹುಡುಕಿಕೊಂಡು ಹೋಗಬೇಕಿತ್ತು. ಧಾರಾವಾಹಿ ತಾನಾಗಿಯೇ ಎಲ್ಲ ಜಾತಿಯವರ ನಡುಮನೆಗೂ ಬಂದಿತು.

ಅದು ಕನ್ನಡದಲ್ಲಿ ಬರಲು ಸಾಧ್ಯವಾದದ್ದರ ಹಿಂದೆ ಡಬ್ಬಿಂಗ್ ವಿವಾದವಿದೆ. 1960ರ ದಶಕದಿಂದ ಕನ್ನಡ ಚಿತ್ರರಂಗ ಡಬ್ಬಿಂಗ್‌ಗೆ ಅವಕಾಶ ಕೊಟ್ಟಿರಲಿಲ್ಲ. ಲಿಖಿತ ಕಾನೂನು ಇಲ್ಲದಿದ್ದರೂ ಆ ಕಟ್ಟುಪಾಡನ್ನು ಮೀರುವ ಧೈರ್ಯ ಯಾರಿಗೂ ಇರಲಿಲ್ಲ. 2012ರಲ್ಲಿ ಆಮಿರ್ ಖಾನ್ ಅವರ ‘ಸತ್ಯಮೇವ ಜಯತೇ’ ಬೇರೆ ಭಾಷೆಗಳಿಗೆ ಡಬ್ ಆದರೂ ಕನ್ನಡಕ್ಕೆ ಬರಲಿಲ್ಲ. ಅಸ್ಪೃಶ್ಯತೆಯ ಬಗ್ಗೆಯೇ ಒಂದು ಕಂತು ಆ ಸರಣಿಯಲ್ಲಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. 2015ರ ಜುಲೈಯಲ್ಲಿ ಭಾರತೀಯ ಸ್ಪರ್ಧಾ ಆಯೋಗ, ಡಬ್ಬಿಂಗ್ ತಡೆದದ್ದಕ್ಕಾಗಿ, ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯೂ ಸೇರಿದಂತೆ ಉದ್ಯಮದ ಸಂಘಟನೆಗಳ ವಿರುದ್ಧ ಆದೇಶ ನೀಡಿತು. 2017ರಲ್ಲಿ ತಮಿಳಿನಿಂದ ‘ಸತ್ಯದೇವ್ ಐಪಿಎಸ್’ ಡಬ್ ಆಗಿ ತೆರೆಕಂಡಿತು. 2020ರ ಮಾರ್ಚ್ ಕೊನೆಯ ಲಾಕ್‌ಡೌನ್‌ನಲ್ಲಿ ಚಿತ್ರೀಕರಣ ನಿಂತು ವಾಹಿನಿಗಳ ಬಳಿ ಹೊಸ ಕಂತುಗಳೇ ಇಲ್ಲವಾದಾಗ ಡಬ್ ಆದ ಧಾರಾವಾಹಿಗಳಿಗೆ ದಾರಿ ತೆರೆಯಿತು. ಹೆಚ್ಚಿನವು ಪೌರಾಣಿಕ. ಅವುಗಳ ಸಾಲಿನಲ್ಲೇ ‘ಮಹಾನಾಯಕ’ವೂ ಬಂದಿತು.

ಬೆದರಿಕೆ ಮತ್ತು ಫ್ಲೆಕ್ಸ್

2020ರ ಆಗಸ್ಟ್‌ನಲ್ಲಿ ಜೀ ಕನ್ನಡದ ಮುಖ್ಯಸ್ಥ ರಾಘವೇಂದ್ರ ಹುಣಸೂರು, ಧಾರಾವಾಹಿಯನ್ನು ನಿಲ್ಲಿಸುವಂತೆ ಮಧ್ಯರಾತ್ರಿ ಕರೆಗಳೂ ಸಂದೇಶಗಳೂ ಬರುತ್ತಿವೆ ಎಂದು ಟ್ವಿಟರ್‌ನಲ್ಲಿ ಬರೆದರು. ಪ್ರಸಾರ ನಿಲ್ಲದು ಎಂದೂ ಸ್ಪಷ್ಟಪಡಿಸಿದರು. ಅಲ್ಲಿಯವರೆಗೆ ವಾರಾಂತ್ಯದ ಇನ್ನೊಂದು ಕಾರ್ಯಕ್ರಮವಾಗಿದ್ದದ್ದು ಒಮ್ಮೆಲೇ ಸಾರ್ವಜನಿಕ ಪ್ರಶ್ನೆಯಾಯಿತು. ರಾಜ್ಯದ ಹಳ್ಳಿಹಳ್ಳಿಗಳಲ್ಲಿ ಬೆಂಬಲದ ಫ್ಲೆಕ್ಸ್‌ಗಳು ಎದ್ದವು.

ಈ ಫ್ಲೆಕ್ಸ್‌ಗಳನ್ನು ವಿಮರ್ಶೆಯ ಒಂದು ಪ್ರಕಾರವಾಗಿಯೇ ಓದಬೇಕು ಎಂಬುದು ಈ ಲೇಖಕನ ಅಭಿಪ್ರಾಯ. ಸಾಮಾನ್ಯವಾಗಿ ನಡುವೆ ನೀಲಿ ಕೋಟಿನ ಅಂಬೇಡ್ಕರ್, ಪಕ್ಕದಲ್ಲಿ ಧಾರಾವಾಹಿಯ ಬಾಲಕ ಭೀಮ, ಮೇಲೆ ಶೀರ್ಷಿಕೆ ಮತ್ತು ಪ್ರಸಾರದ ವೇಳೆ, ಕೆಳಗೆ ಊರಿನ ಯುವಕರ ಪಾಸ್‌ಪೋರ್ಟ್ ಗಾತ್ರದ ಫೋಟೊಗಳು, ಕೊನೆಯಲ್ಲಿ ಕೇರಿಯ ಅಥವಾ ಸಂಘದ ಹೆಸರು. ಸಿನಿಮಾ ನಟನ ಹುಟ್ಟುಹಬ್ಬಕ್ಕೋ ಜಾತ್ರೆಗೋ ಕಟ್ಟುವ ರೂಪವೇ ಇದು. ವ್ಯತ್ಯಾಸವೆಂದರೆ ಅದನ್ನು ಕಟ್ಟಿದ ಜಾಗ. ಕೇರಿಯೊಳಗೆ ಇದ್ದ ಅಂಬೇಡ್ಕರರ ಚಿತ್ರ ಊರಬಾಗಿಲಿಗೆ, ಬಸ್‌ನಿಲ್ದಾಣಕ್ಕೆ, ಎಲ್ಲರೂ ಹಾಯುವ ದಾರಿಗೆ ಬಂತು. ಕೆಲವೆಡೆ ಅವುಗಳನ್ನು ಹರಿದ ಪ್ರಕರಣಗಳೂ ವರದಿಯಾದವು. ಹರಿದವರಿಗೂ ಕಟ್ಟಿದವರಿಗೂ ಜಾಗದ ಅರ್ಥ ಚೆನ್ನಾಗಿ ತಿಳಿದಿತ್ತು.

ಶಿವಮೊಗ್ಗ ಸೀಮೆಯ ಚರಿತ್ರೆ: ಭದ್ರಾವತಿಯಿಂದ ಚಂದ್ರಗುತ್ತಿಗೆ

ಈ ಸಂಭ್ರಮವನ್ನು ಟಿವಿಯ ಪ್ರಭಾವ ಎಂದಷ್ಟೇ ಬಗೆದರೆ ಅದಕ್ಕೆ ಹಿಂದಿನ ಅರ್ಧ ಶತಮಾನದ ದಲಿತ ಚಳವಳಿ ಮರೆಯಾಗುತ್ತದೆ. ಶಿವಮೊಗ್ಗ ಜಿಲ್ಲೆಯಲ್ಲಿ ಆ ಚರಿತ್ರೆ ಎದ್ದು ಕಾಣುತ್ತದೆ. 1973ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಸಚಿವ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದದ್ದಕ್ಕೆ ಗಲಭೆಯೆದ್ದು ಅವರು ಸಚಿವ ಸ್ಥಾನ ಬಿಡಬೇಕಾಯಿತು. ಆ ಗಾಯದಿಂದ ಎಚ್ಚೆತ್ತವರಲ್ಲಿ ಭದ್ರಾವತಿಯ ಕನ್ನಡ ಅಧ್ಯಾಪಕ ಪ್ರೊ. ಬಿ. ಕೃಷ್ಣಪ್ಪ ಪ್ರಮುಖರು. ಅವರ ಮುಂದಾಳುತನದಲ್ಲಿ ದಶಕದ ನಡುಭಾಗದಲ್ಲಿ ಅಲ್ಲಿಯೇ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು. ಕಬ್ಬಿಣದ ಕಾರ್ಖಾನೆಯ ಊರು ಚಳವಳಿಯ ತವರಾಯಿತು. 1975ರಲ್ಲಿ ಬಂದ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಓದಿಗಿಂತ ಹೆಚ್ಚಾಗಿ ಹಾಡಿಕೆಯ ಮೂಲಕ ಹರಡಿತು. ಅಂಬೇಡ್ಕರರ ಪರಿಚಯ ಕೇರಿಗಳಿಗೆ ಆದದ್ದು ಹೀಗೆ: ಹಾಡು, ಬೀದಿನಾಟಕ, ಜಾಥಾ, ಗೋಡೆಯ ಮೇಲಿನ ಪಟ.

ಈ ಚಳವಳಿಯ ಕಠಿಣ ಪರೀಕ್ಷೆ ನಡೆದದ್ದು ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ. ಬೆಟ್ಟದ ಗುಹೆಯಲ್ಲಿರುವ ರೇಣುಕಾಂಬೆಯ ಜಾತ್ರೆಗೆ ಬರುತ್ತಿದ್ದ ಭಕ್ತರು, ಅವರಲ್ಲೂ ಉತ್ತರ ಕರ್ನಾಟಕದ ಬಡ ದಲಿತ ಕುಟುಂಬಗಳು, ಹರಕೆ ತೀರಿಸಲು ವರದಾ ನದಿಯಲ್ಲಿ ಮಿಂದು ಬೆತ್ತಲೆಯಾಗಿ ಗುಡಿಗೆ ಓಡುತ್ತಿದ್ದರು. ಕೈಯಲ್ಲಿ ಬೇವಿನ ಸೊಪ್ಪು, ಬಾಯಲ್ಲಿ ‘ಉಧೋ ಉಧೋ’, ದಾರಿಯ ಎರಡೂ ಬದಿಗೆ ನೋಡಲು ನೆರೆದ ಜನ. ದಲಿತ ಸಂಘರ್ಷ ಸಮಿತಿ ಮತ್ತು ಇತರ ಸಂಘಟನೆಗಳು ಇದನ್ನು ದಲಿತ ಹೆಣ್ಣಿನ ಅವಮಾನವೆಂದು ಕಂಡು ತಡೆಯಲು ಹೋದವು. 1986ರ ಮಾರ್ಚ್ 20ರಂದು ಭಕ್ತರ ಗುಂಪು ತಿರುಗಿಬಿದ್ದಿತು. ಕಾರ್ಯಕರ್ತರನ್ನೂ ಪೊಲೀಸರನ್ನೂ ಥಳಿಸಿ, ಬಟ್ಟೆ ಕಿತ್ತು, ಮೆರವಣಿಗೆಯಲ್ಲಿ ನಡೆಸಿದರು. ಹಿಂಸೆಗೊಳಗಾದವರಲ್ಲಿ ಮಹಿಳಾ ಪೊಲೀಸರೂ ಇದ್ದರು. ಆನಂತರ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು.

ಪ್ರಶ್ನೆ ಮಾತ್ರ ನಿಷೇಧದಿಂದ ಮುಗಿಯಲಿಲ್ಲ. ತಡೆದವರಲ್ಲೂ ದಲಿತರಿದ್ದರು, ತಡೆಯಲ್ಪಟ್ಟವರಲ್ಲೂ ದಲಿತರಿದ್ದರು. ಒಬ್ಬರಿಗೆ ಘನತೆ ಎಂದರೆ ಬಟ್ಟೆ, ಶಾಲೆ, ಸಂವಿಧಾನ. ಇನ್ನೊಬ್ಬರಿಗೆ ತಾಯಿಗೆ ಹೊತ್ತ ಹರಕೆ ತೀರುವುದೇ ಘನತೆ. ಯು.ಆರ್. ಅನಂತಮೂರ್ತಿ ‘ಬೆತ್ತಲೆ ಪೂಜೆ ಯಾಕೆ ಕೂಡದು?’ ಎಂದು ಕೇಳಿ, ವಿಚಾರವಾದಿಯ ಕಣ್ಣಿಗೆ ಭಕ್ತನ ಲೋಕ ಎಷ್ಟು ಕಾಣುತ್ತದೆ ಎಂಬ ಸಂದೇಹ ಎತ್ತಿದರು. ಆ ನಿಲುವಿಗೆ ಬಲವಾದ ವಿರೋಧವೂ ಬಂತು. ಸಂದೇಹ ಪಡುವ ಸೌಲಭ್ಯ ಬೆತ್ತಲೆ ಓಡಬೇಕಾದವರಿಗೆ ಇರಲಿಲ್ಲ ಎಂಬ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ.

‘ಮಹಾನಾಯಕ’ದ ಸ್ವೀಕಾರದಲ್ಲಿ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಮರಳಿತು. ಈ ಧಾರಾವಾಹಿಯ ಮೌಲ್ಯವನ್ನು ತೀರ್ಮಾನಿಸುವವರು ಯಾರು? ಅಂಬೇಡ್ಕರರ ಬರಹಗಳನ್ನು ಓದಿಕೊಂಡ ಚಳವಳಿಯ ಹಿರಿಯರೇ, ಕೈಮುಗಿದು ಟಿವಿ ಮುಂದೆ ಕೂರುವ ಕುಟುಂಬವೇ? ಅಂಬೇಡ್ಕರ್ ಸ್ವತಃ ರಾಜಕೀಯದಲ್ಲಿ ಭಕ್ತಿಯ ಅಪಾಯವನ್ನು 1949ರ ನವೆಂಬರ್ 25ರ ಸಂವಿಧಾನ ಸಭೆಯ ಭಾಷಣದಲ್ಲಿ ಎಚ್ಚರಿಸಿದ್ದರು. ಧಾರಾವಾಹಿ ಅವರನ್ನು ಪೂಜೆಯ ಮೂರ್ತಿಯಾಗಿಸಿತು ಎಂಬ ಆಕ್ಷೇಪಕ್ಕೆ ಆಧಾರವಿದೆ. ಆದರೂ ಶತಮಾನಗಳಿಂದ ಗುಡಿಯ ಹೊರಗೆ ನಿಂತವರು ತಮ್ಮವನೊಬ್ಬನಿಗೆ ಊರಬಾಗಿಲಲ್ಲಿ ಹಾರ ಹಾಕಿದ್ದನ್ನು ಬರೀ ವ್ಯಕ್ತಿಪೂಜೆ ಎನ್ನುವುದು ಅನ್ಯಾಯ.

ಶಿಕಾರಿಪುರದ ಇನ್ನೊಂದು ಮುಖ

ಸೊರಬದ ನೆರೆಯ ಶಿಕಾರಿಪುರ ತಾಲ್ಲೂಕು ಅಲ್ಲಮಪ್ರಭುವಿನ ಬಳ್ಳಿಗಾವೆಯನ್ನೂ ಅಕ್ಕಮಹಾದೇವಿಯ ಉಡುತಡಿಯನ್ನೂ ಒಳಗೊಂಡದ್ದು. ಹುಟ್ಟಿನ ಗುರುತನ್ನು ಪ್ರಶ್ನಿಸಿದ ವಚನ ಪರಂಪರೆಯ ನೆಲ. ಆದರೆ ಧಾರಾವಾಹಿಯ ಕಾಲದ ಶಿಕಾರಿಪುರವನ್ನು ಅರಿಯಲು 2023ರ ಮಾರ್ಚ್ 27 ಹೆಚ್ಚು ನೆರವಾಗುತ್ತದೆ. ಪರಿಶಿಷ್ಟ ಜಾತಿಗಳ ಶೇ. 17ರ ಮೀಸಲಾತಿಯನ್ನು ಎಡಗೈ ಗುಂಪಿನ ಜಾತಿಗಳಿಗೆ 6, ಬಲಗೈ ಗುಂಪಿನ ಜಾತಿಗಳಿಗೆ 5.5, ಬಂಜಾರ, ಭೋವಿ ಮೊದಲಾದವರಿಗೆ 4.5, ಉಳಿದವರಿಗೆ 1 ಎಂದು ಹಂಚುವ ಸರ್ಕಾರದ ತೀರ್ಮಾನವನ್ನು ವಿರೋಧಿಸಿ ಅಂದು ಬಂಜಾರರು ಪಟ್ಟಣದಲ್ಲಿ ಪ್ರತಿಭಟಿಸಿದರು. ಮಾಜಿ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರ ಮನೆಯ ಮೇಲೆ ಕಲ್ಲುಗಳು ಬಿದ್ದವು. ಒಳಮೀಸಲಾತಿ ಬೇಕೆನ್ನುವವರೂ ಬೇಡವೆನ್ನುವವರೂ ತಮ್ಮ ವಾದಕ್ಕೆ ಅಂಬೇಡ್ಕರರ ಹೆಸರನ್ನೇ ಹಿಡಿಯುತ್ತಾರೆ. ರಾಜ್ಯದ ಪಟ್ಟಿಯಲ್ಲಿರುವ 101 ಜಾತಿಗಳು ಒಂದೇ ಕಣ್ಣಿನಿಂದ ಈ ಧಾರಾವಾಹಿಯನ್ನು ನೋಡಿದವು ಎಂದು ಭಾವಿಸಬಾರದು.

ವಿಮರ್ಶೆ

ಪತ್ರಿಕೆಗಳ ಬರಹ ಹೆಚ್ಚಾಗಿ ಬೆದರಿಕೆಯ ಸುತ್ತ ನಡೆಯಿತು. ಕಲಾಕೃತಿಯಾಗಿ ಪರಿಶೀಲಿಸಿದ್ದು ಕಡಿಮೆ. ಪರಿಶೀಲಿಸಿದರೆ ಮೂರು ತೊಡಕುಗಳು ಕಾಣುತ್ತವೆ.

ಮೊದಲನೆಯದು ಕಾಲಕ್ರಮ. ಅಂಬೇಡ್ಕರರ ತಾಯಿ ತೀರಿಕೊಂಡಾಗ ಅವರಿಗೆ ಸುಮಾರು ಐದು ವರ್ಷ. ಧಾರಾವಾಹಿಯಲ್ಲಿ ದೊಡ್ಡವರೊಡನೆ ವಾದಕ್ಕಿಳಿಯುವಷ್ಟು ಬೆಳೆದ ಹುಡುಗನ ಪಕ್ಕದಲ್ಲೂ ತಾಯಿ ಇದ್ದಾಳೆ. ಕುಟುಂಬ ಕಥೆಗೆ ಅಮ್ಮ ಬೇಕು ಎಂಬ ಕಿರುತೆರೆಯ ಲೆಕ್ಕಾಚಾರ ಇದು. ಇದರಿಂದ ನೇಹಾ ಜೋಶಿಯವರ ಉತ್ತಮ ಅಭಿನಯ ದಕ್ಕಿತು. ಆದರೆ ತಾಯಿಯಿಲ್ಲದ ಮನೆಯಲ್ಲಿ ಅತ್ತೆ ಮೀರಾಬಾಯಿಯ ಆಸರೆಯಲ್ಲಿ ಬೆಳೆದ ಮಗುವಿನ ಒಂಟಿತನ ಕೈತಪ್ಪಿತು.

ಎರಡನೆಯದು ಅತಿರಂಜನೆ. ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಅಂಬೇಡ್ಕರ್ 1901ರ ಒಂದು ಪ್ರಯಾಣವನ್ನು ನೆನೆದಿದ್ದಾರೆ. ಒಳ್ಳೆಯ ಬಟ್ಟೆ ತೊಟ್ಟ ಮಕ್ಕಳು ಮಸೂರು ನಿಲ್ದಾಣದಲ್ಲಿ ಇಳಿಯುತ್ತಾರೆ. ಸ್ಟೇಷನ್ ಮಾಸ್ತರರು ಕನಿಕರದಿಂದ ವಿಚಾರಿಸುತ್ತಾರೆ, ಜಾತಿ ತಿಳಿದ ಕೂಡಲೇ ಮುಖ ಬದಲಾಗಿ ಹಿಂದೆ ಸರಿಯುತ್ತಾರೆ. ಗಾಡಿ ಸಿಕ್ಕಿದರೂ ಗಾಡಿಯವನು ಪಕ್ಕದಲ್ಲಿ ನಡೆದು ಬರುತ್ತಾನೆ, ಎತ್ತು ಹೊಡೆಯುವ ಕೆಲಸ ಮಕ್ಕಳದು. ಬುತ್ತಿ ಇದ್ದರೂ ನೀರು ಸಿಗದೆ ಉಣ್ಣಲಾಗದೆ ಇಡೀ ರಾತ್ರಿ ಕಳೆಯುತ್ತದೆ. ಅಲ್ಲಿ ಖಳನಾಯಕನಿಲ್ಲ. ಸಾಮಾನ್ಯ ಜನ ಸಹಜವಾಗಿ ನಡೆದುಕೊಂಡದ್ದೇ ಭಯಂಕರ. ಧಾರಾವಾಹಿ ಈ ಸಾಮಾನ್ಯತೆಯನ್ನು ಬಿಟ್ಟು ಕಣ್ಣು ಕೆಂಪಗೆ ಮಾಡುವ ಜಮೀನ್ದಾರರನ್ನೂ ಅಬ್ಬರದ ಹಿನ್ನೆಲೆ ಸಂಗೀತವನ್ನೂ ನೆಚ್ಚಿತು. ದುಷ್ಟನನ್ನು ದ್ವೇಷಿಸುವ ಪ್ರೇಕ್ಷಕನಿಗೆ, ದಲಿತರಿಗೆಂದು ತನ್ನ ಮನೆಯ ಹೊರಗಿಟ್ಟ ಲೋಟವನ್ನು ನೆನೆಯಬೇಕಾದ ಕಷ್ಟ ಬರಲಿಲ್ಲ.

ಮೂರನೆಯದು ಭಾಷೆ. ಕನ್ನಡದ ಅವತರಣಿಕೆಯಲ್ಲಿ ಅಂಬೇಡ್ಕರರ ಮಹಾರ್ ಜಾತಿಯ ಕೇರಿಯ ಹೆಂಗಸೂ ಊರಿನ ಒಡೆಯನೂ ಬಹುಮಟ್ಟಿಗೆ ಒಂದೇ ಶಿಷ್ಟ ಕನ್ನಡ ಆಡುತ್ತಾರೆ. ಆಡುನುಡಿಯಲ್ಲೇ ಬರೆದ ದೇವನೂರ ಮಹಾದೇವರ ‘ಕುಸುಮಬಾಲೆ’ಯಂಥ ಕೃತಿ ಬಂದ ಭಾಷೆಯಲ್ಲಿ ಇದು ಸಣ್ಣ ನಷ್ಟವಲ್ಲ.

ಅಮೆರಿಕದೊಡನೆ ಹೋಲಿಕೆ

ಜನಾಂಗ ಮತ್ತು ಗುರುತನ್ನು ಮನೆಯೊಳಗೆ ಚರ್ಚಿಸುವ ಕೌಟುಂಬಿಕ ಹಾಸ್ಯ ಧಾರಾವಾಹಿಗಳು ಅಮೆರಿಕದಲ್ಲಿ ದೀರ್ಘ ಪರಂಪರೆ ಹೊಂದಿವೆ. ಕೆನ್ಯಾ ಬ್ಯಾರಿಸ್ ರೂಪಿಸಿ ಎಬಿಸಿ ವಾಹಿನಿಯಲ್ಲಿ 2014ರಿಂದ 2022ರವರೆಗೆ ನಡೆದ ‘ಬ್ಲ್ಯಾಕಿಶ್’ ವಿಮರ್ಶಕರ ಮೆಚ್ಚುಗೆಯನ್ನೂ ಪೀಬಡಿ ಪ್ರಶಸ್ತಿಯನ್ನೂ ಪಡೆಯಿತು. ಅದರ ಒಂದು ಕಂತನ್ನು 2018ರಲ್ಲಿ ವಾಹಿನಿಯೇ ತಡೆಹಿಡಿದಿತ್ತು. ಆ ಕಂತು ಕೊನೆಗೆ ಅಂತರ್ಜಾಲದಲ್ಲಿ ಬಿಡುಗಡೆಯಾದದ್ದು 2020ರ ಆಗಸ್ಟ್‌ನಲ್ಲಿ, ಅಂದರೆ ಕನ್ನಡದಲ್ಲಿ ‘ಮಹಾನಾಯಕ’ಕ್ಕೆ ಬೆದರಿಕೆ ಬಂದ ತಿಂಗಳಲ್ಲೇ. ಅಲ್ಲಿ ಹಿಂಜರಿದದ್ದು ವಾಹಿನಿ. ಇಲ್ಲಿ ವಾಹಿನಿ ಗಟ್ಟಿಯಾಗಿ ನಿಂತಿತು. ಆದರೆ ‘ಬ್ಲ್ಯಾಕಿಶ್’ ತನ್ನ ಕಾಲದ, ತನ್ನ ಊರಿನ ಕುಟುಂಬವನ್ನು ತೋರಿಸಿತು. ಕನ್ನಡ ಪ್ರೇಕ್ಷಕರಿಗೆ ಸಿಕ್ಕಿದ್ದು ನೂರು ವರ್ಷ ಹಿಂದಿನ ಮರಾಠಿ ಮನೆ, ಅದೂ ಹಿಂದಿಯ ಮೂಲಕ. ಭದ್ರಾವತಿಯ ಅಧ್ಯಾಪಕನ ಮನೆ, ಚಂದ್ರಗುತ್ತಿಯ ದಾರಿಯಲ್ಲಿ ಎದುರುಬದುರಾದ ಎರಡು ದಲಿತ ಕುಟುಂಬಗಳು ಕಿರುತೆರೆಯ ಬರಹಗಾರರಿಗಾಗಿ ಇನ್ನೂ ಕಾದಿವೆ.

ದಾಖಲೆಗಳು

ಫ್ಲೆಕ್ಸ್ ಒಂದೆರಡು ಮಳೆಗಾಲಕ್ಕೆ ಬಣ್ಣ ಬಿಡುತ್ತದೆ. 2020ರಲ್ಲಿ ಕಟ್ಟಿದ್ದವುಗಳ ಚಿತ್ರಗಳು ಊರೂರಿನ ಯುವಕರ ಮೊಬೈಲ್‌ಗಳಲ್ಲಿ ಉಳಿದಿವೆ. ಫೋನ್ ಬದಲಾದಂತೆ ಅಳಿಯುತ್ತಲೂ ಇವೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯವಾಗಲಿ ದಲಿತ ಸಂಘಟನೆಗಳಾಗಲಿ ಇವನ್ನು ಊರು, ತಾರೀಖು, ಕಟ್ಟಿದ ಜಾಗದ ವಿವರಗಳೊಡನೆ ಕೂಡಿಹಾಕಬೇಕು. ಈ ಧಾರಾವಾಹಿಯ ಬಗ್ಗೆ ಕನ್ನಡದಲ್ಲಿ ಬರೆದ ಅತಿ ದೊಡ್ಡ ವಿಮರ್ಶೆ ಅವುಗಳಲ್ಲಿದೆ.