ಪೊಲೀಸ್ ಓಟಕ್ಕೆ ತಯಾರಿ: ತೂಕ ಇಳಿಸೋದು, ಓಟ ಶುರು ಮಾಡೋದು ಹೇಗೆ? ಇಲ್ಲಿದೆ ಮಾಹಿತಿ

ವರ್ಷಗಟ್ಟಲೆ ಕೂತು ಓದಿ, ತೂಕ ಏರಿಸಿಕೊಂಡು, ಕೊನೆಗೆ ಗ್ರೌಂಡ್‌ನಲ್ಲಿ ಓಡೋಕಾಗದೆ ಕೆಲಸ ಕಳ್ಕೊಳ್ಳೋರು ನಮ್ಮ ನಡುವೆಯೇ ಇದ್ದಾರೆ. ಸಿವಿಲ್ ಕಾನ್‌ಸ್ಟೇಬಲ್ ನೇಮಕಾತಿಯ ಹಿಂದಿನ ಅಧಿಸೂಚನೆಗಳ ಪ್ರಕಾರ ಪುರುಷರು 1600 ಮೀಟರ್ ಓಟವನ್ನು 6 ನಿಮಿಷ 30 ಸೆಕೆಂಡ್‌ನಲ್ಲಿ, ಮಹಿಳೆಯರು 400 ಮೀಟರ್ ಓಟವನ್ನು 2 ನಿಮಿಷದಲ್ಲಿ ಮುಗಿಸಬೇಕು. ಅಂದ್ರೆ 400 ಮೀಟರ್ ಟ್ರ್ಯಾಕ್‌ನಲ್ಲಿ ಹುಡುಗರಿಗೆ ಒಂದು ಸುತ್ತಿಗೆ ಸಿಗೋದು ಸುಮಾರು 97 ಸೆಕೆಂಡ್. ಕೊನೆ ವಾರದ ಅಭ್ಯಾಸ ಇದಕ್ಕೆ ಸಾಲಲ್ಲ.

ಓಟ: ಮೊದಲ ಎರಡು ವಾರ ದಿನಾ ಅರ್ಧ ಗಂಟೆ ಬಿರುಸಾಗಿ ನಡೀರಿ. ಆಮೇಲೆ ದಿನ ಬಿಟ್ಟು ದಿನ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಎಂಟು ಸಲ. ವಾರ ವಾರಕ್ಕೆ ಓಟ ಹೆಚ್ಚಿಸಿ, ನಡಿಗೆ ಕಡಿಮೆ ಮಾಡಿ. ಪಕ್ಕದವರ ಜೊತೆ ಮಾತಾಡೋಕಾಗುವಷ್ಟು ನಿಧಾನ ಇರಲಿ. ನಿಲ್ಲದೆ 20 ನಿಮಿಷ ಓಡೋದು ಬಂದ ಮೇಲೆ ವೇಗದ ಅಭ್ಯಾಸ ಮಾಡಿ. ಡಾಂಬರು ರಸ್ತೆಗಿಂತ ಮಣ್ಣಿನ ಮೈದಾನ ಕಾಲಿಗೆ ಒಳ್ಳೇದು.

ಊಟ: 80 ಕೆಜಿ ಇರೋರು 3 ಕಿಲೋಮೀಟರ್ ಓಡಿದ್ರೆ ಖರ್ಚಾಗೋದು ಸುಮಾರು 240 ಕ್ಯಾಲರಿ ಮಾತ್ರ. ಬೇಕರಿಗೆ ಹೋಗಿ ಒಂದು ಪಫ್, ಒಂದು ಟೀ ತಗೊಂಡ್ರೆ ಅಷ್ಟೂ ವಾಪಸ್. ಹಾಗಂತ ಉಪವಾಸ ಬೇಡ. ಅನ್ನ ಅರ್ಧ ಮಾಡಿ. ಪಲ್ಯ, ಮೊಳಕೆ ಕಾಳು, ಮೊಟ್ಟೆ, ಮಜ್ಜಿಗೆ ಜಾಸ್ತಿ ಮಾಡಿ. ವಾರಕ್ಕೆ ಅರ್ಧ ಕೆಜಿ ಇಳಿದ್ರೆ ಸಾಕು.

ಎಚ್ಚರಿಕೆ: ತೂಕ ತುಂಬಾ ಇದ್ರೆ ಮೊದಲು ಆಸ್ಪತ್ರೆಯಲ್ಲಿ ಬಿಪಿ, ಶುಗರ್ ನೋಡಿಸಿ. ಓಡುವಾಗ ಎದೆ ನೋವು, ತಲೆಸುತ್ತು ಬಂದ್ರೆ ತಕ್ಷಣ ನಿಲ್ಲಿಸಿ, ವೈದ್ಯರ ಹತ್ರ ಹೋಗಿ.

ಅರ್ಜಿ ಕರೆಯೋ ತನಕ ಕಾಯ್ಬೇಡಿ, ನಾಳೆ ಬೆಳಿಗ್ಗೆನೇ ನಡಿಗೆ ಶುರು ಮಾಡಿ.